ಅಮ್ಮ ಹೇಗಿದ್ದಾರೆಂದು ಕೇಳುತ್ತಿದ್ದಾರೆ

ಜರಡಿಯವರ ಬಾಯಿಂದ ಜೀವಮಾನದಲ್ಲಿ ಹೊರಬಿದ್ದ ಅತಿ ಕಠೋರವಾದ ಮಾತೆಂದರೆ "ಛೇ". ಅದೂ ಬಸ್ಸಿನ ಬಾಗಿಲಿಗೆ ಹೆಬ್ಬೆರಳು ಸಿಕ್ಕಿ ಉಗುರು ನೀಲಿಗಟ್ಟಿದ ದಿನ. ಪಕ್ಕದಲ್ಲಿ ನಿಂತಿದ್ದ ಅಪರಿಚಿತನೊಬ್ಬ ನೋಡಲಾರದೆ ಅವರ ಪರವಾಗಿ ತಾನೇ ಕಂಡಕ್ಟರನಿಗೆ ನಾಲ್ಕು ಬೈದನಂತೆ. ಇವರು ಅವನಿಗೂ ಕ್ಷಮೆ ಕೇಳಿ, ಕಂಡಕ್ಟರನಿಗೂ ಕ್ಷಮೆ ಕೇಳಿ, ಬೆರಳು ಚೀಪುತ್ತ ಇಳಿದರಂತೆ.

ಹೀಗೆ ಬಾಯಿಗೆ ಬೀಗ ಬಿದ್ದದ್ದಕ್ಕೆ ಕಾರಣ ಅವರ ಅಜ್ಜಿ. ಚಿಕ್ಕಂದಿನಲ್ಲಿ ಬೀದಿಯಿಂದ ಒಂದು ಕೊಳಕು ಮಾತು ಕಲಿತು ಬಂದು ಅಜ್ಜಿಯ ಮೇಲೆ ಪ್ರಯೋಗ ಮಾಡಿದರು. ಅಜ್ಜಿ ಹೊಡೆಯಲಿಲ್ಲ, ಗದರಲಿಲ್ಲ. ಬಿದ್ದು ಬಿದ್ದು ನಕ್ಕಳು. ಆಮೇಲೆ ಮನೆಗೆ ಬಂದ ನೆಂಟರ ಮುಂದೆಲ್ಲ ನಿಲ್ಲಿಸಿ, "ಅದೊಂದು ಮಾತು ಹೇಳು ಮರಿ, ದೊಡ್ಡಮ್ಮ ಕೇಳಿಲ್ಲ" ಎಂದು ಹಾಡು ಹಾಡಿಸಿದಂತೆ ಹೇಳಿಸಿದಳು. ನೆಂಟರು ಕೆನ್ನೆ ಹಿಂಡಿದರು. ಬೈಗುಳದ ರುಚಿ ಆ ಬೇಸಿಗೆಯಲ್ಲೇ ಸತ್ತುಹೋಯಿತು.

ಜರಡಿ ಎನ್ನುವುದು ಅವರ ಕೆಲಸದ ಜಾಗದಲ್ಲಿ ಬಿದ್ದ ಹೆಸರು. ಆ ಜಾಗ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆ. ಇಡೀ ಆಸ್ಪತ್ರೆಯ ಚಾದರ, ದಿಂಬಿನ ಗವಸು, ಹಸಿರು ಗೌನು ಎಲ್ಲ ಅಲ್ಲೇ ಒಗೆದು, ಒಣಗಿಸಿ, ಮಡಚಬೇಕು. ಹಬೆಗೆ ಗೋಡೆಗಳು ಸದಾ ಬೆವರುತ್ತಿದ್ದವು. ಯಂತ್ರಗಳ ಮುಂದೆ ನಿಂತ ಹೆಂಗಸರು ದೂರದೂರಿನಿಂದ ಬಂದವರು. ಅವರ ಭಾಷೆ ಒಂದು. ಅವರ ಮೇಲಿನವರದು ಇನ್ನೊಂದು. ಹಾಗಾಗಿ ಅಲ್ಲಿ ಭಾಷೆಗಳಿಗೂ ಮಹಡಿ ಬಂದಿತ್ತು, ಮೇಲಿನ ಭಾಷೆ ಮತ್ತು ಕೆಳಗಿನ ಭಾಷೆ ಎಂದು. ಎರಡೂ ಬಲ್ಲ ಜರಡಿಯವರು ನಡುವಿನ ಮೆಟ್ಟಿಲು. ಸಂಬಳದ ಚೀಟಿಯಲ್ಲಿ ಅವರ ಹುದ್ದೆ "ಭಾಷಾ ಸಹಾಯಕ" ಎಂದಿತ್ತು. ಅವರ ಮೇಜಿನ ಮೇಲೆ ಅವರೇ ಮಾಡಿಸಿಟ್ಟ ಫಲಕದಲ್ಲಿ "ಭಾಷಾ ಸಮನ್ವಯಾಧಿಕಾರಿ" ಎಂದಿತ್ತು. ಯಾರೂ ಆಕ್ಷೇಪಿಸಲಿಲ್ಲ, ಏಕೆಂದರೆ ಯಾರೂ ಓದಲಿಲ್ಲ.

ಬೈಗುಳದ ವಿಷಯದಲ್ಲಿ ಈ ಎರಡು ಭಾಷೆಗಳದು ಬೇರೆ ಬೇರೆ ದಾರಿ. ಮೇಲಿನ ಭಾಷೆ ಸಿಟ್ಟು ಬಂದರೆ ನೇರವಾಗಿ ಎದುರಿನವನ ಮನೆಗೆ ನುಗ್ಗಿ ಅವನ ತಾಯಿಯನ್ನು, ತಾಯಿಯ ಹಾಸಿಗೆಯನ್ನು ಬೀದಿಗೆ ಎಳೆಯುತ್ತದೆ. ಆದರೆ ಬಳಸಿ ಬಳಸಿ ಆ ಮಾತಿನ ಮೊನೆ ಸವೆದುಹೋಗಿದೆ. ಅವರು ಅದನ್ನು ಜೀವದ ಗೆಳೆಯನಿಗೂ ಅನ್ನುತ್ತಾರೆ, ಸಿಕ್ಕಿಕೊಂಡ ಡ್ರಾಯರಿಗೂ ಅನ್ನುತ್ತಾರೆ, ಆಟದಲ್ಲಿ ತಮ್ಮ ತಂಡ ಗೆದ್ದರೆ ಸಂತೋಷಕ್ಕೂ ಅನ್ನುತ್ತಾರೆ. ಕೆಳಗಿನ ಭಾಷೆಯವರು ತಾಯಿಯ ತಂಟೆಗೇ ಹೋಗುವುದಿಲ್ಲ. ಹೋದರೆ ಮುಂದಿನ ಮಾತು ಕತ್ತಿಯದು. ಅವರ ಸಿಟ್ಟೆಲ್ಲ ಶಾಪದ ದಾರಿ ಹಿಡಿಯುತ್ತದೆ: ನಿನ್ನ ಬಾಯಿಗೆ ಮಣ್ಣು ಬೀಳ, ನಿನ್ನ ಕೈಗೆ ಹಾವು ಕಚ್ಚ, ನಿನ್ನ ಒಲೆ ಆರಿಹೋಗ. ತಾಳ್ಮೆಯ ಜನ, ಫಲಕ್ಕೆ ಕಾದು ಕೂರಲು ಸಿದ್ಧರಿದ್ದವರು.

ನೆಲಮಾಳಿಗೆಯ ಮೇಸ್ತ್ರಿ ಮೇಲಿನ ಭಾಷೆಯವನು. ಕೆಟ್ಟವನಲ್ಲ. ತಲೆಗೆ ಟೋಪಿ, ಕಿಸೆಯಲ್ಲಿ ಸೀಟಿ, ಗಂಟಲೋ ಎರಡು ಮಹಡಿಗೆ ಕೇಳುವಂಥದ್ದು. ಬೇರೆಯವರು ಉಸಿರು ಬಿಡುವ ಜಾಗದಲ್ಲಿ ಅವನು ಆ ಮಾತು ಬಿಡುತ್ತಿದ್ದ. ಲಿಫ್ಟು ನಿಂತರೆ ಲಿಫ್ಟಿನ ತಾಯಿ, ಸೋಪಿನ ಪುಡಿ ಗಂಟುಕಟ್ಟಿದರೆ ಪುಡಿಯ ತಾಯಿ, ಗವಸಿನಲ್ಲಿ ಕಲೆ ಉಳಿದರೆ ಗವಸು ಒಗೆದವಳ ತಾಯಿ.

ಜರಡಿಯವರು ಇದನ್ನೆಲ್ಲ ಸೋಸಿದರು. "ಈ ಇಂಥವಳ ಮಗಳಿಗೆ ಹೇಳು, ಇನ್ನೊಂದು ಕಲೆ ಕಂಡರೆ ಗವಸನ್ನ ಬಾಯಿಗೆ ತುರುಕ್ತೀನಿ ಅಂತ" ಎಂದು ಮೇಸ್ತ್ರಿ ಕಿರುಚಿದರೆ, ಇವರು ಕೈ ಕಟ್ಟಿಕೊಂಡು, ಗವಸುಗಳ ಬಗ್ಗೆ ಮೇಸ್ತ್ರಿಯವರ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಗಿದೆ ಎನ್ನುತ್ತಿದ್ದರು. ಹೆಂಗಸರ ಪೈಕಿ ಯಾರಾದರೂ ಹಲ್ಲುಕಚ್ಚಿ ಅವನ ಒಲೆ ಆರಲೆಂದರೆ, ಮನೆಯಲ್ಲಿ ಅಡುಗೆಗೆ ತೊಂದರೆಯಿಲ್ಲವಷ್ಟೆ ಎಂದು ವಿಚಾರಿಸುತ್ತಿದ್ದಾರೆ ಎಂದು ಮೇಲಕ್ಕೆ ದಾಟಿಸುತ್ತಿದ್ದರು. ಮೇಸ್ತ್ರಿಗೆ ಈ ಹೆಂಗಸರು ತನ್ನ ಸಂಸಾರದ ಬಗ್ಗೆ ಇಷ್ಟೊಂದು ಕಾಳಜಿ ತೋರಿಸುವುದು ವಿಚಿತ್ರವೆನಿಸಿದರೂ ಹಿತವಾಗಿತ್ತು. ಹೆಂಗಸರಿಗೆ ಈ ಮನುಷ್ಯನ ಗಂಟಲು ಮಾತ್ರ ಒರಟು, ಮನಸ್ಸು ಬೆಣ್ಣೆ ಎಂಬ ನಂಬಿಕೆ ಬಂತು. ಎರಡೂ ಭಾಷೆ ಬಲ್ಲ ಇನ್ನೊಬ್ಬನೆಂದರೆ ವ್ಯಾನಿನ ಡ್ರೈವರ್. ಜರಡಿ ಎಂಬ ಹೆಸರಿಟ್ಟವನು ಅವನೇ. ಮೂಟೆ ಇಳಿಸುತ್ತ ಕೇಳಿಸಿಕೊಂಡು, ಮೂಟೆಯ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದ.

ಜರಡಿಯವರು ರಾತ್ರಿ ಊಟದ ತಟ್ಟೆಯ ಮುಂದೆ ಹೆಂಡತಿಗೆ, ಆ ನೆಲಮಾಳಿಗೆ ಶಾಂತವಾಗಿರುವುದು ತನ್ನೊಬ್ಬನಿಂದ ಎಂದು ವಿವರಿಸುತ್ತಿದ್ದರು. ದೇಶ ದೇಶಗಳ ನಡುವೆ ತನ್ನಂಥವನೊಬ್ಬ ಕೂತಿದ್ದರೆ ಯುದ್ಧಗಳೇ ಆಗುತ್ತಿರಲಿಲ್ಲ ಎನ್ನುವವರೆಗೂ ಮಾತು ಹೋಗುತ್ತಿತ್ತು. ಹೆಂಡತಿ, ಆಯಿತು, ಈಗ ಎದ್ದು ನಲ್ಲಿ ನೋಡಿ, ತೊಟ್ಟಿಕ್ಕುತ್ತಿದೆ ಎನ್ನುತ್ತಿದ್ದಳು.

ಎಡವಟ್ಟಾದದ್ದು ಚಾದರದಕ್ಕನ ವಿಷಯದಲ್ಲಿ. ದೊಡ್ಡ ಚಾದರಗಳನ್ನು ಹಿಂಡಿ, ಒದರಿ, ಮಡಚುವ ಕೆಲಸದವಳು. ತೋಳು ಗಟ್ಟಿ, ಮಾತು ಕಡಿಮೆ. ಕಾಲು ಸರಿಯಿಲ್ಲದ ಅಕ್ಕನೊಬ್ಬಳೊಂದಿಗೆ ಆಸ್ಪತ್ರೆಯ ಹಿತ್ತಲಿನ ನೌಕರರ ಸಾಲಿನಲ್ಲಿ ಒಂದು ಕೋಣೆಯಲ್ಲಿದ್ದಳು. ಸೇರಿದ ಹೊಸತರಲ್ಲಿ ಅವಳಿಗೆ ಮೇಲಿನ ಭಾಷೆಯಲ್ಲಿ ತಿಳಿದಿದ್ದ ಕೆಲವೇ ಶಬ್ದಗಳಲ್ಲಿ "ತಾಯಿ" ಒಂದು. ಹೆರಿಗೆ ವಾರ್ಡಿನಿಂದ ಬರುವ ಮೂಟೆಗಳನ್ನು ಮೇಲಿನವರು ತಾಯಿ ಮೂಟೆ ಎನ್ನುತ್ತಿದ್ದರು, ಹಾಗಾಗಿ ಕಲಿತಿದ್ದಳು. ಮೊದಲ ದಿನವೇ ಮೇಸ್ತ್ರಿ ಅವಳ ಮುಂದೆ ನಿಂತು ತನ್ನ ನಿತ್ಯದ ಮಾತು ಬಿಟ್ಟ. ಅವಳು ತಲೆಯೆತ್ತಿ, "ಅಣ್ಣ, ನಮ್ಮಮ್ಮನ ಬಗ್ಗೆ ಏನೋ ಅಂದರಲ್ಲ?" ಎಂದು ಜರಡಿಯವರನ್ನು ಕೇಳಿದಳು.

ಶಬ್ದ ಗುರುತಾಗಿಬಿಟ್ಟಿದೆ, ಗವಸು, ಕಸಿವಿಸಿ ಎಂದು ಜಾರಿಕೊಳ್ಳುವಂತಿಲ್ಲ. ಜರಡಿಯವರು ಗಂಟಲು ಸರಿಮಾಡಿಕೊಂಡು ಹೇಳಿದರು: "ಅಮ್ಮ ಹೇಗಿದ್ದಾರೆ ಅಂತ ಕೇಳ್ತಿದ್ದಾರೆ."

ಅವಳ ಕಣ್ಣು ತುಂಬಿತು. ಆ ಊರಿಗೆ ಬಂದ ಮೇಲೆ ಅವಳ ಅಮ್ಮನನ್ನು ಕೇಳಿದವರು ಅದೇ ಮೊದಲು. ಪರವಾಗಿಲ್ಲ, ಮಂಡಿನೋವು ಸ್ವಲ್ಪ ಜಾಸ್ತಿ ಎಂದು ಹೇಳಲು ಹೇಳಿದಳು. ಜರಡಿಯವರು ತಿರುಗಿ ಮೇಸ್ತ್ರಿಗೆ, ಇನ್ನು ಮುಂದೆ ಜಾಗ್ರತೆ ವಹಿಸುತ್ತಾಳಂತೆ ಎಂದರು. ಎಲ್ಲರಿಗೂ ಸಮಾಧಾನವಾಯಿತು.

ಅಲ್ಲಿಂದ ಅದು ನಿತ್ಯದ ಪಾಠವಾಯಿತು. ಮೇಸ್ತ್ರಿ ಅವಳ ತಾಯಿಯನ್ನು ಹಾಸಿಗೆ ಸಮೇತ ಎಳೆಯುವುದು, ಅವಳು ಒದ್ದೆ ಕೈ ಒರೆಸಿಕೊಂಡು ಊರಿನ ಸುದ್ದಿ ಹೇಳುವುದು: ಮಂಡಿಗೆ ಎಣ್ಣೆ ಹಚ್ಚಿದ್ದಾರೆ, ಒಂದು ಕಣ್ಣಿಗೆ ಪೊರೆ ಬಂದಿದೆ. ಮೇಸ್ತ್ರಿಗೆ ಜ್ವರ ಬಂದು ಮಲಗಿದಾಗ ಅವಳು ತನ್ನ ಅಕ್ಕನ ಬಿಸಿನೀರಿನ ಚೀಲವನ್ನು ಡ್ರೈವರನ ಕೈಲಿ ಕಳಿಸಿದಳು. ಹೀಗೇ ವರ್ಷಗಳು ಹೋದವು, ನಡುವೆ ಜರಡಿಯವರಿದ್ದುದರಿಂದ ಅವಳು ಮೇಲಿನ ಭಾಷೆ ಕಲಿಯುವ ಗೋಜಿಗೇ ಹೋಗಲಿಲ್ಲ.

ಆಮೇಲೆ ಅವಳ ಅಮ್ಮ ತೀರಿಕೊಂಡಳು. ಸುದ್ದಿ ಬಂದ ಬೆಳಿಗ್ಗೆ ಅವಳು ಓಡಿಬಂದದ್ದು ಮೇಸ್ತ್ರಿಯ ಹತ್ತಿರ. ದಿನಾ ಕೇಳುತ್ತಿದ್ದವರಿಗೆ ಮೊದಲು ಹೇಳಬೇಕಲ್ಲ. ಜರಡಿಯವರು ಆ ಒಂದು ಸಲ ಏನನ್ನೂ ಸೋಸದೆ ದಾಟಿಸಿದರು. ಮೇಸ್ತ್ರಿ ಟೋಪಿ ತೆಗೆದ, ತಲೆ ತಗ್ಗಿಸಿದ, ರಜೆ ಕೊಟ್ಟ. ಅವಳು ವಾಪಸು ಬಂದ ದಿನ ಯಂತ್ರದ ಬಾಗಿಲು ಸಿಕ್ಕಿಕೊಂಡಿತ್ತು. ಮೇಸ್ತ್ರಿ ಅವಳ ಕಡೆ ತಿರುಗಿ, ಅಭ್ಯಾಸಬಲದಿಂದ, ಅದೇ ಮಾತು ಬಿಟ್ಟ. ಅವಳು ಗಾಬರಿಯಿಂದ ಜರಡಿಯವರನ್ನು ನೋಡಿದಳು. ಹೋದವರನ್ನು ಹೇಗಿದ್ದಾರೆಂದು ಕೇಳಲಾಗುವುದಿಲ್ಲ. ಜರಡಿಯವರ ತಲೆ ಬೆವೆತುಹೋಯಿತು. "ನಿಮ್ಮಮ್ಮ ಒಳ್ಳೇ ಜೀವ ಅಂತಿದ್ದಾರೆ" ಎಂದರು.

ಅಂದಿನಿಂದ ಮೇಸ್ತ್ರಿ ದಿನವೂ ಅವಳ ಅಮ್ಮನನ್ನು ಹೊಗಳಿದ. ಅವಳು ದಿನವೂ ಕೈ ಮುಗಿದಳು. ಜರಡಿಯವರಿಗೆ ಮಾತ್ರ ಊಟ ಮೊದಲಿನ ಹಾಗೆ ಸೇರುತ್ತಿರಲಿಲ್ಲ. ಯುದ್ಧಗಳ ಮಾತು ನಿಂತಿತ್ತು. ಹೆಂಡತಿ ಅಜೀರ್ಣವೆಂದುಕೊಂಡಳು.

ಅವರನ್ನು ಕೆಡಿಸಿದ್ದು ಒಂದು ದವಡೆ ಹಲ್ಲು. ಕೀಳಿಸಲೇಬೇಕೆಂದು ವೈದ್ಯರು ಹೇಳಿದರು, ಜರಡಿಯವರು ರಜೆ ಹಾಕಿದರು. ಅವತ್ತು ಮೇಲಿನ ಮಾತು ಕೆಳಗೆ ದಾಟಿಸಲು ಡ್ರೈವರನನ್ನು ನಿಲ್ಲಿಸಲಾಯಿತು. ಅವನಿಗೂ ಈ ಕೆಲಸದ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಜರಡಿಗಿಂತ ತಾನು ನಿಖರ ಎಂದು ತೋರಿಸುವ ಹುಮ್ಮಸ್ಸು. ಮೇಸ್ತ್ರಿ ಚಾದರದಕ್ಕನ ಮುಂದೆ ನಿಂತು ತನ್ನ ಮಾತು ಬಿಟ್ಟ. ಅವಳು ಆಗಲೇ ನಮಸ್ಕಾರ ಮಾಡಲೆಂದು ಕೈ ಒರೆಸಿಕೊಳ್ಳುತ್ತ, ಇವತ್ತು ಅಮ್ಮನ ಬಗ್ಗೆ ಏನು ಹೇಳಿದರು ಎಂದು ಕೇಳಿದಳು. ಡ್ರೈವರ್ ಹೇಳಿದ. ತಾಯಿ, ಹಾಸಿಗೆ, ದಾರಿಹೋಕ, ಯಾವುದನ್ನೂ ಬಿಡಲಿಲ್ಲ.

ಅವಳು ಕೇಳಿದ್ದು ಇನ್ನೊಂದೇ ಪ್ರಶ್ನೆ. ದಿನಾ ಇದನ್ನೇ ಅನ್ನುತ್ತಿದ್ದರಾ? ಡ್ರೈವರನಿಗೆ ಅಷ್ಟರಲ್ಲಿ ತನ್ನ ನಿಖರತೆಯ ಬಗ್ಗೆ ಸಂಶಯ ಬಂದಿತ್ತು, ಆದರೂ ಹೇಳಿದ: ದಿನಾ ಇದೇ.

ಹಿಂಡಿದ ಒದ್ದೆ ಚಾದರ ಹಗ್ಗದಂತೆ ಸುತ್ತಿಕೊಂಡಿರುತ್ತದೆ. ತೂಕದಲ್ಲಿ ಒನಕೆಗೆ ಕಡಿಮೆಯಿಲ್ಲ. ಅವಳು ಅದನ್ನು ಎರಡೂ ಕೈಲಿ ಎತ್ತಿ ಬೀಸಿದಳು. ಟೋಪಿ ಒಂದು ಕಡೆ ಹಾರಿತು, ಮೇಸ್ತ್ರಿ ಇನ್ನೊಂದು ಕಡೆ ತಳ್ಳುಗಾಡಿಯ ಮೇಲೆ ಬಿದ್ದು ಮಣಿಕಟ್ಟು ಮುರಿದುಕೊಂಡ.

ಮರುದಿನ ಜರಡಿಯವರು ಕೆನ್ನೆ ಊದಿಸಿಕೊಂಡು ಬಂದಾಗ ವಿಚಾರಣೆಗೆ ದಿನ ಗೊತ್ತುಮಾಡಿದ್ದರು. ಚಾದರದಕ್ಕನನ್ನು ಕೆಲಸದಿಂದ ನಿಲ್ಲಿಸಿದ್ದರು. ವಿಚಾರಣೆಯಲ್ಲಿ ತಪ್ಪಿತಸ್ಥೆ ಎಂದಾದರೆ ಕೆಲಸ ಹೋಗುತ್ತದೆ. ಕೆಲಸದ ಜೊತೆ ಕೋಣೆಯೂ. ಅಕ್ಕನನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು? ಅವಳು ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ಇವರಿಗಾಗಿ ಕಾಯುತ್ತಿದ್ದಳು. ಬೈದಿದ್ದರೆ ಜರಡಿಯವರಿಗೆ ಹಗುರವಾಗುತ್ತಿತ್ತು. ಕೆಳಗಿನ ಭಾಷೆಯ ಶಾಪಗಳಲ್ಲಿ ಒಂದೆರಡಕ್ಕೆ ಅವರು ಮನಸ್ಸಿನಲ್ಲೇ ತಲೆಯೊಡ್ಡಿದ್ದರು.

"ಇಷ್ಟು ದಿನದಲ್ಲಿ ಒಂದ್ ದಿನಾನೂ ಕೇಳಿರಲಿಲ್ವಾ ಅಣ್ಣ, ನಮ್ಮಮ್ಮನ್ನ?" ಎಂದಳು.

"ಒಂದೆರಡು ಸಲ ಕೇಳಿರಬಹುದು" ಎಂದರು ಜರಡಿಯವರು. ನಾಲಿಗೆ ಅಷ್ಟು ಪಳಗಿಹೋಗಿತ್ತು.

ಅವಳು ಅವರನ್ನೇ ನೋಡಿದಳು. ಆಮೇಲೆ ಹೇಳಿದಳು: "ಆ ರೂಮಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ. ಏನಂತಿದ್ರೋ ಅದೇ ಮಾತು. ಅದನ್ನ ಕೇಳಿದ ಮೇಲೆ ಯಾರಾದರೂ ನನ್ನನ್ನ ಓಡಿಸ್ತಾರಾ?"

ಹೇಳುತ್ತೇನೆಂದು ಮಾತು ಕೊಟ್ಟರು. ಕೊಟ್ಟ ಮೇಲೆ ಬಂದದ್ದು ಅಭ್ಯಾಸದ ಪ್ರಶ್ನೆ. ವಿಚಾರಣೆಯ ಹಿಂದಿನ ಸಂಜೆ ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ, ಕನ್ನಡಿಗೆ ಆ ಮಾತು ಹೇಳಿದರು. ಕನ್ನಡಿಯೊಳಗಿನ ಮನುಷ್ಯ ನಾಚಿಕೊಂಡ. ಎರಡನೆಯ ಸಲ ತಾಯಿಯವರೆಗೆ ಬಂದು ಹಾಸಿಗೆಯ ಹತ್ತಿರ ಕೆಮ್ಮು ಬಂತು. ಹೊರಗಿನಿಂದ ಹೆಂಡತಿ, ಒಳಗೆ ಯಾರಿದ್ದಾರೆ ಎಂದು ಬಾಗಿಲು ಬಡಿದಳು. ಹೊರಗೆ ಬಂದು ಎಲ್ಲ ಹೇಳಿದರು. ಅವಳಿಗೆ ಅಲ್ಲಿಯವರೆಗೆ ಶಾಂತಿಯ ಭಾಗ ಮಾತ್ರ ಗೊತ್ತಿತ್ತು.

ಅವಳು ಬೆಳ್ಳುಳ್ಳಿ ಸುಲಿಯುತ್ತ ಕೇಳಿಸಿಕೊಂಡಳು. ಹೇಳಿ ನೋಡೋಣ ಎಂದಳು. ಹೇಳಿದರು.

"ಇದೇನ್ರೀ, ಕೊರಿಯರಿನವನಿಗೆ ಮನೆ ವಿಳಾಸ ಹೇಳಿದ ಹಾಗಿದೆ" ಎಂದಳು. ಆಮೇಲೆ ಚಾಕು ಕೆಳಗಿಟ್ಟು ತಾನೇ ಹೇಳಿ ತೋರಿಸಿದಳು. ಬೆಳ್ಳುಳ್ಳಿ ಸಿಪ್ಪೆ ಹಾರುವಂತಿತ್ತು. ಜರಡಿಯವರು ಎರಡು ಹೆಜ್ಜೆ ಹಿಂದೆ ಸರಿದರು. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದ್ದಕ್ಕೆ, ಇಷ್ಟು ವರ್ಷ ಸಂಸಾರ ಮಾಡಿದ್ದೇನಲ್ಲ, ಮನಸ್ಸಿನೊಳಗೇ ರೂಢಿಯಾಗಿದೆ ಎಂದಳು. ಬಹಳ ಹೊತ್ತು ಕಲಿಸಿದಳು. ಹುಬ್ಬು ಗಂಟಿಕ್ಕಿ, ಹೊಟ್ಟೆಯಿಂದ ತನ್ನಿ, ಆ ಹೆಂಗಸಿನ ಮುಖ ನೆನೆಸಿಕೊಳ್ಳಿ. ಆ ಮುಖ ನೆನೆಸಿಕೊಂಡದ್ದೇ ತಡ, ಅವರ ಬಾಯಿಂದ ಬಂದದ್ದು "ಅಮ್ಮ ಹೇಗಿದ್ದಾರೆ" ಎಂದು.

ವಿಚಾರಣೆಯ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಉದ್ದ ಮೇಜು, ನೀರಿನ ಜಗ್ಗು, ನಡುವೆ ಅಧ್ಯಕ್ಷೆ. ಆಡಳಿತ ವಿಭಾಗದ ಹಿರಿಯ ಅಧಿಕಾರಿ, ಯಾರ ಮಾತನ್ನೂ ಅರ್ಧಕ್ಕೆ ತಡೆಯದ ಹೆಂಗಸು. ಇಬ್ಬದಿಯಲ್ಲಿ ಇಬ್ಬರು ಸದಸ್ಯರು. ಮೇಸ್ತ್ರಿ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ಚಾದರದಕ್ಕ ಒಗೆದ ಸೀರೆ ಉಟ್ಟು ಗೋಡೆಯ ಪಕ್ಕದ ಕುರ್ಚಿಯ ತುದಿಯಲ್ಲಿದ್ದಳು. ಬಾಗಿಲ ಹತ್ತಿರ ಡ್ರೈವರ್.

ಮೇಸ್ತ್ರಿ ಮೊದಲು ಮಾತಾಡಿದ. ಅವನಿಗೆ ನಿಜವಾಗಿ ನೋವಾಗಿತ್ತು. ಕೈಗಿಂತ ಹೆಚ್ಚಾಗಿ ಬೇರೆ ಕಡೆ. ತಾನು ಅವಳನ್ನು ಒಂದು ದಿನವೂ ಬೈದವನಲ್ಲ, ಲಿಫ್ಟಿನ ಜೊತೆ ಮಾತಾಡುವ ಹಾಗೆಯೇ ಎಲ್ಲರ ಜೊತೆ ಮಾತಾಡುತ್ತೇನೆ, ಬೇಕಾದರೆ ಲಿಫ್ಟಿನವನನ್ನು ಕೇಳಿ ಎಂದ. ತನಗೆ ಜ್ವರ ಬಂದಾಗ ಅವಳು ಬಿಸಿನೀರಿನ ಚೀಲ ಕಳಿಸಿದ್ದನ್ನೂ ಹೇಳಿದ. ಅಂಥವಳು ಹೀಗೆ ಮಾಡುತ್ತಾಳೆಂದರೆ ಯಾರನ್ನು ನಂಬುವುದು ಎಂದ.

ಆಮೇಲೆ ಚಾದರದಕ್ಕ ತನ್ನ ಹೇಳಿಕೆ ಕೊಟ್ಟಳು, ಜರಡಿಯವರು ಅದನ್ನು ಮೇಲಿನ ಭಾಷೆಗೆ ದಾಟಿಸಿದರು. ಅಧ್ಯಕ್ಷೆ ಜರಡಿಯವರ ಕಡೆ ತಿರುಗಿದರು. ಬೈಗುಳವೆಂದು ಹೇಳುತ್ತಿರುವ ಆ ಮಾತು ಯಾವುದು?

ಅಸಭ್ಯವಾದ ಮಾತು ಎಂದರು ಜರಡಿಯವರು. ಅಷ್ಟು ಸಾಲದು, ಮಾತೇ ಬೇಕು ಎಂದರು ಅಧ್ಯಕ್ಷೆ. ಜರಡಿಯವರು ಎದ್ದು ನಿಂತರು. ಹುಬ್ಬು ಗಂಟಿಕ್ಕಿದರು. ಮೇಜಿನ ಆಚೆಗಿನ ಹಿರಿಯ ಹೆಂಗಸನ್ನು ನೋಡಿದರು. ಹೊಟ್ಟೆಯಿಂದ ತಂದರು.

ಹೇಳಿದರು. ಒಂದು ಶಬ್ದವನ್ನೂ ಬಿಡದೆ ಹೇಳಿದರು. ಆದರೆ ಜೀವಮಾನವಿಡೀ ನಮ್ರತೆಯಲ್ಲಿ ನೆನೆದ ಗಂಟಲು ಅದು. ಕೊನೆಯಲ್ಲಿ ತಮಗೇ ಗೊತ್ತಿಲ್ಲದೆ ಸ್ವಲ್ಪ ತಲೆಬಾಗಿದರು. ಎಡಗಡೆಯ ಸದಸ್ಯರು ನೀರು ಕುಡಿಯುತ್ತಿದ್ದರು, ಮೂಗಿಗೆ ಹತ್ತಿತು. ಬಲಗಡೆಯವರು ಕರವಸ್ತ್ರ ತೆಗೆದರು. ಅಧ್ಯಕ್ಷೆ ತುಟಿ ಬಿಗಿಹಿಡಿದು ಕಿಟಕಿಯ ಕಡೆ ನೋಡಿದರು, ಅವರ ಭುಜ ಮಾತ್ರ ಅಲುಗುತ್ತಿತ್ತು. ಮೇಸ್ತ್ರಿಯೂ ನಕ್ಕ. ತನ್ನ ಮಾತು ಇಷ್ಟು ನಿರುಪದ್ರವಿ ಎಂದು ಅವನಿಗೂ ಗೊತ್ತಿರಲಿಲ್ಲ.

ಚಾದರದಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವಳಿಗೆ ಗುರುತಾದದ್ದು ಒಂದೇ ಶಬ್ದ, ತಾಯಿ. ಅದನ್ನು ಕೇಳಿ ಎಲ್ಲರೂ ನಗುತ್ತಿದ್ದರು.

ಇದು ನಗುವ ಮಾತಲ್ಲ ಮೇಡಂ, ಅವರ ಭಾಷೆಯಲ್ಲಿ ಇದಕ್ಕೆ ಕೊಲೆಯಾಗುತ್ತದೆ ಎಂದು ಜರಡಿಯವರು ಅವಸರದಿಂದ ಸೇರಿಸಿದರು. ಅಧ್ಯಕ್ಷೆ ಸಾವರಿಸಿಕೊಂಡು ಕೇಳಿದರು: ಹಾಗಾದರೆ ಇಷ್ಟು ವರ್ಷ ಏಕೆ ಏನೂ ಆಗಲಿಲ್ಲ? ಜರಡಿಯವರು ನಿಜ ಹೇಳಿದರು. ಪ್ರತಿದಿನ ತಾವು ಏನು ದಾಟಿಸುತ್ತಿದ್ದೆವೆಂದು, ಅಮ್ಮನ ಮಂಡಿ, ಕಣ್ಣಿನ ಪೊರೆ, ಒಳ್ಳೇ ಜೀವ, ಎಲ್ಲ. ಹೇಳುತ್ತ ಹೋದಂತೆ ಕೋಣೆಯಲ್ಲಿ ನಗು ನಿಂತಿತು. ತಾವು ಗೆಲ್ಲುತ್ತಿದ್ದೇವೆ ಎಂದು ಅವರಿಗೆ ಅನ್ನಿಸಿತು.

"ಅಂದರೆ ನೀವು ದಾಟಿಸಿದ ಮಾತು ಯಾವುದೂ ಆಡಿದ ಮಾತಲ್ಲ" ಎಂದರು ಅಧ್ಯಕ್ಷೆ. "ಈಗ ಬೆಳಿಗ್ಗೆಯಿಂದ ಈಕೆಯ ಹೇಳಿಕೆ ಅಂತ ನಮಗೆ ಹೇಳಿದ್ರಲ್ಲ, ಅದು?"

ಅದು ಅವಳದೇ ಮಾತು ಎಂದರು ಜರಡಿಯವರು. ಆ ಮಾತಿಗೆ ಸಾಕ್ಷಿ ಯಾರು ಎಂದು ಬಲಗಡೆಯ ಸದಸ್ಯರು ಸೌಜನ್ಯದಿಂದಲೇ ಕೇಳಿದರು. ಡ್ರೈವರನನ್ನು ಮುಂದೆ ಕರೆದು ಜರಡಿಯವರ ಪಕ್ಕ ಕೂರಿಸಲಾಯಿತು. ಇನ್ನು ಮುಂದೆ ಇವರು ಹೇಳಿದ್ದನ್ನು ಅವನು ಸರಿಯೆನ್ನಬೇಕು.

ಆಮೇಲೆ ಎಲ್ಲ ತಾನೇ ತಾನಾಗಿ ಇಳಿಜಾರಿನಲ್ಲಿ ಹೋಯಿತು. ಮೇಸ್ತ್ರಿಯದು ನಾಲಿಗೆಯ ಚಾಳಿ, ಲಿಫ್ಟಿಗೂ ಅದೇ, ಉದ್ದೇಶವಿಲ್ಲ. ಆದರೂ ಎಚ್ಚರಿಕೆ ಕೊಡತಕ್ಕದ್ದು. ಭಾಷಾ ಸಹಾಯಕರು ಒಳ್ಳೆಯ ಉದ್ದೇಶದಿಂದ ಮಾಡಿದ್ದಾರೆ, ಅವರಿಗೂ ಎಚ್ಚರಿಕೆ. ಡ್ರೈವರ್ ಕೇಳಿದ್ದನ್ನು ಕೇಳಿದ ಹಾಗೆ ಹೇಳಿದ್ದಾನೆ, ತಪ್ಪೇನಿಲ್ಲ. ಇಷ್ಟೆಲ್ಲ ಕಳೆದ ಮೇಲೆ ಆ ಕೋಣೆಯಲ್ಲಿ ಏನಾದರೂ ಮಾಡಿದವಳೆಂದು ಉಳಿದದ್ದು ಒಬ್ಬಳೇ. ಕೈ ಮುರಿದದ್ದಂತೂ ನಿಜ, ಅದಕ್ಕೆ ಭಾಷಾಂತರ ಬೇಕಿರಲಿಲ್ಲ. ಅಧ್ಯಕ್ಷೆಗೆ ಬೇಸರವಿತ್ತು, ಇದ್ದದ್ದು ಕಾಣುತ್ತಿತ್ತು. ಈಕೆಯನ್ನು ಕೆಲಸದಿಂದ ತೆಗೆಯದೆ ಬೇರೆ ದಾರಿಯಿಲ್ಲ, ತಿಳಿಸಿ ಎಂದು ಜರಡಿಯವರಿಗೆ ಹೇಳಿದರು. ಸೇರಿಸುವುದು ಬೇಡ, ಬಿಡುವುದು ಬೇಡ ಎಂದರು.

ಜರಡಿಯವರು ಅವಳ ಕುರ್ಚಿಯ ಮುಂದೆ ನಿಂತರು. ಬಾಯಿಗೆ ಎಷ್ಟೋ ಮಾತು ಬಂದವು, ಮೇಡಂಗೆ ಬಹಳ ನೋವಾಗಿದೆಯಂತೆ, ಮುಂದೆ ನೋಡೋಣ ಅಂದಿದ್ದಾರೆ, ಹೀಗೆ. ಪಕ್ಕದಲ್ಲಿ ಡ್ರೈವರ್ ಕೂತಿದ್ದ.

"ಕೆಲಸದಿಂದ ತೆಗೆದಿದ್ದಾರೆ" ಎಂದರು.

ಅವಳು ಸ್ವಲ್ಪ ಹೊತ್ತು ಅವರ ಬಾಯನ್ನೇ ನೋಡಿದಳು. ಆ ಮಾತಿನ ಹಿಂದೆ ಬೇರೆ ಏನೋ ಇರಬಹುದು, ಇದಕ್ಕಿಂತ ಒಳ್ಳೆಯದೋ ಇದಕ್ಕಿಂತ ಕೆಟ್ಟದ್ದೋ ಎಂಬಂತೆ. ಆಮೇಲೆ ಡ್ರೈವರನ ಕಡೆ ತಿರುಗಿದಳು. ಡ್ರೈವರ್ ಚಪ್ಪಲಿ ನೋಡುತ್ತ ಹೌದೆಂದು ತಲೆಯಾಡಿಸಿದ.

ಕೋಣೆ ಯಾವಾಗ ಖಾಲಿ ಮಾಡಬೇಕು ಎಂದು ಕೇಳಿದಳು. ಜರಡಿಯವರು ಅಧ್ಯಕ್ಷೆಯನ್ನು ಕೇಳಿ ಬಂದು, ಈ ವಾರದೊಳಗೆ ಎಂದರು.

ಅವಳು ಮತ್ತೆ ಡ್ರೈವರನ ಕಡೆ ನೋಡಿದಳು.